ಉಟ್ರೆಕ್ಟ್‌ನಲ್ಲಿ ಹೂ ನೋಡಿದ್ದು ಕಡಿಮೆ, ನೀರು ನೋಡಿದ್ದೇ ಹೆಚ್ಚು

ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಹೊರಟಿದ್ದೇನೆ ಎಂದ ಕೂಡಲೇ ಬಸವನಗುಡಿಯ ನಮ್ಮ ಬೀದಿಯವರೆಲ್ಲ ಕೇಳಿದ್ದು ಟ್ಯೂಲಿಪ್ ವಿಚಾರ. ನೋಡಿದೆ. ಲಿಸ್ಸೆ ಎಂಬ ಊರಿನ ಕ್ಯೂಕೆನ್‌ಹಾಫ್ ತೋಟದಲ್ಲಿ ಪ್ರತಿವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನು ನೆಡುತ್ತಾರೆ. ಭಾನುವಾರದ ದಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ರೂಢಿಯಿದ್ದವರಿಗೆ ಅಲ್ಲಿನ ನೂಕುನುಗ್ಗಲು ಹೊಸದಲ್ಲ. ಹೂವು ಚೆನ್ನಾಗಿತ್ತು, ಕಾಫಿ ದುಬಾರಿಯಾಗಿತ್ತು.

ನಾನು ಉಳಿದುಕೊಂಡಿದ್ದು ಉಟ್ರೆಕ್ಟ್‌ನಲ್ಲಿ, ಕಾಲೇಜಿನ ಗೆಳತಿಯ ಮನೆಯಲ್ಲಿ. ಮಲ್ಲೇಶ್ವರದವಳು, ಅಲ್ಲಿಗೆ ಹೋಗಿ ನೆಲೆಸಿ ಎಷ್ಟೋ ಕಾಲವಾಯಿತು. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕೊಲೇಟಿನ ಕಾಳು ಉದುರಿಸಿಕೊಂಡು ತಿನ್ನುವುದನ್ನು ಕಲಿತಿದ್ದಾಳೆ. ರಾತ್ರಿ ಮಾತ್ರ ಸಾರು ಅನ್ನ ಬೇಕೇ ಬೇಕು. ಹುಣಸೆಹಣ್ಣು, ಉದ್ದ ಅಲಸಂದೆಕಾಯಿ ತರಲು ನನ್ನನ್ನು ಲಾಂಬಾಕ್ ಬಡಾವಣೆಯ ಒಂದು ಸುರಿನಾಮಿ ಅಂಗಡಿಗೆ ಕರೆದುಕೊಂಡು ಹೋದಳು. ಕ್ಯಾಷ್ ಮೇಜಿನ ಹಿಂದೆ ಕುಳಿತಿದ್ದ ಅಜ್ಜಿ ನನ್ನ ಹಣೆಯ ಕುಂಕುಮ ನೋಡಿ ಏನೋ ಕೇಳಿದರು. ಹಿಂದಿಯಂತಿತ್ತು, ಆದರೆ ಹಿಂದಿಯಲ್ಲ. ಭೋಜಪುರಿಯ ಹತ್ತಿರದ ಸರ್ನಾಮಿ. 1873ರಿಂದ ಬಿಹಾರ, ಉತ್ತರಪ್ರದೇಶಗಳ ಕೂಲಿಕಾರರನ್ನು ಹಡಗಿನಲ್ಲಿ ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮಿನ ತೋಟಗಳಿಗೆ ಸಾಗಿಸಿದರು. 1975ರಲ್ಲಿ ಆ ದೇಶ ಸ್ವತಂತ್ರವಾಗುವ ಹೊತ್ತಿಗೆ ಅವರ ವಂಶದವರು ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದರು. ಅಜ್ಜಿ ಭಾರತವನ್ನು ಕಂಡವರೇ ಅಲ್ಲ. ನನ್ನ ಅರೆಬರೆ ಹಿಂದಿಗೆ ನಕ್ಕು, ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ದುಡ್ಡಿಲ್ಲದೆ ಚೀಲಕ್ಕೆ ಹಾಕಿದರು. ಆ ಮೆಣಸಿನಕಾಯಿಯ ಖಾರದ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ.

ಸೈಕಲ್‌ಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ: ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗವಿದೆ. ಅಲ್ಲಿ ನನ್ನ ಗೆಳತಿ ತನ್ನದನ್ನು ಹುಡುಕಲು ತೆಗೆದುಕೊಂಡ ಸಮಯದಲ್ಲಿ ನಡೆದೇ ಮನೆ ತಲುಪಬಹುದಿತ್ತು.

ನಾನು ಹೇಳಬೇಕೆಂದಿರುವುದು ಆ ನಿಲ್ದಾಣದ ಪಕ್ಕದ ನೀರಿನ ಕಥೆ. ಹಳೆಯ ಊರಿನ ಸುತ್ತ ಸುಮಾರು 900 ವರ್ಷದ ಹಿಂದೆ ತೋಡಿದ ಕಂದಕವಿದೆ. ಅದರಲ್ಲಿ ಕಾತರೈನೆಸಿಂಗಲ್ ಎಂಬ ಭಾಗವನ್ನು 1970ರ ದಶಕದಲ್ಲಿ ಬರಿದುಮಾಡಿ ಕಾರುಗಳಿಗೆ ಹೆದ್ದಾರಿ ಹಾಕಿದರು. 2002ರಲ್ಲಿ ಊರಿನವರ ಮತ ಕೇಳಿದಾಗ ಜನ ನೀರು ವಾಪಸ್ಸು ಬೇಕು ಎಂದರು. 2020ರ ಸೆಪ್ಟೆಂಬರ್ ಹೊತ್ತಿಗೆ ರಸ್ತೆ ಹೋಗಿ ನೀರು ಬಂದಿತ್ತು. ಈಗ ಹಳೆಯ ಊರನ್ನು ದೋಣಿಯಲ್ಲೇ ಒಂದು ಸುತ್ತು ಹಾಕಬಹುದು. ಅರವತ್ತು ದಾಟಿದ ನಾವಿಬ್ಬರು ಒಂದು ಪುಟ್ಟ ದೋಣಿ ಬಾಡಿಗೆಗೆ ಹಿಡಿದು, ಹುಟ್ಟು ಹಾಕಿಕೊಂಡು ಹೊರಟೆವು. ಒಂದೆಡೆ ದೊಡ್ಡ ಮಾಲ್‌ನ ಅಡಿಯಿಂದಲೇ ನೀರು ಹಾದುಹೋಗುತ್ತದೆ. ಮೇಲೆ ಜನ ಚಪ್ಪಲಿ ಕೊಳ್ಳುತ್ತಿರುತ್ತಾರೆ, ಕೆಳಗೆ ಬಾತುಕೋಳಿ.

ನಾನೋ, ಮಳೆನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಲೇ ಇದ್ದೆ. "ನೀನು ಹೂ ನೋಡಲು ಬಂದಿದ್ದೀಯೋ, ಚರಂಡಿ ನೋಡಲು ಬಂದಿದ್ದೀಯೋ?" ಎಂದು ಗೆಳತಿ ರೇಗಿದಳು.

ನನ್ನ ಕುತೂಹಲಕ್ಕೆ ಕಾರಣವಿದೆ. ಕೆಲಸದಲ್ಲಿದ್ದ ಕಾಲವಿಡೀ ನಾನು ಬಸ್ ಬದಲಿಸಿದ್ದು ಮೆಜೆಸ್ಟಿಕ್‌ನಲ್ಲಿ. ಆ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದು. ದೂರದಿಂದ ನಲ್ಲಿಯಲ್ಲಿ ನೀರು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಶತ್ರುಗಳ ಭಯ ಹೋದ ಮೇಲೆ ಉಟ್ರೆಕ್ಟ್‌ನವರಿಗೂ ಕಂದಕ ಬೇಡವಾಗಿತ್ತು. ಡಚ್ಚರು ನೀರಿನ ಪಂಡಿತರು, ನಾವು ದಡ್ಡರು ಎಂದು ಬರೆಯುವುದು ಸುಲಭ; ಅದು ನಿಜವಲ್ಲ. ಅವರೂ ನಮ್ಮಷ್ಟೇ ಉತ್ಸಾಹದಿಂದ ನೀರನ್ನು ಹೂತವರು. ಐವತ್ತು ವರ್ಷದೊಳಗೆ ಮನಸ್ಸು ಬದಲಿಸಿದರು ಎಂಬುದಷ್ಟೇ ವ್ಯತ್ಯಾಸ. ಹಾಗೆಂದು ಮೆಜೆಸ್ಟಿಕ್ ಕೆಡವಿ ಕೆರೆ ತುಂಬಿಸಿ ಎನ್ನುವಷ್ಟು ಹುಚ್ಚು ನನಗಿಲ್ಲ. ಉಳಿದಿರುವ ರಾಜಕಾಲುವೆಗಳ ಮೇಲೆ ಇನ್ನೊಂದು ಚಪ್ಪಡಿ ಹಾಕುವ ಮುನ್ನ ಯಾರಾದರೂ ನಮ್ಮನ್ನೂ ಒಂದು ಮಾತು ಕೇಳಲಿ.

ಕಿಂಡರ್‌ಡೈಕ್‌ಗೂ ಹೋದೆವು, ರಾಟರ್‌ಡ್ಯಾಮ್‌ನಿಂದ ದೋಣಿಯಲ್ಲಿ. 1740ರ ಆಸುಪಾಸಿನ 19 ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅವು ಹಿಟ್ಟು ಬೀಸುವುದಕ್ಕಲ್ಲ, ತಗ್ಗಿನ ಹೊಲಗಳ ನೀರನ್ನು ಎತ್ತಿ ಹೊರಹಾಕುವುದಕ್ಕೆ. ಇಂದು ಆ ಕೆಲಸವನ್ನು ದೈತ್ಯ ತಿರುಪಿನ ಪಂಪುಗಳು ಮಾಡುತ್ತವೆ, ಆದರೂ ಹಲವು ಯಂತ್ರಗಳೊಳಗೆ ಕುಟುಂಬಗಳು ವಾಸವಾಗಿವೆ. ರೆಕ್ಕೆ ತುದಿಗೇರುವ ಸ್ವಲ್ಪ ಮೊದಲು ನಿಲ್ಲಿಸಿದ್ದರೆ ಆ ಮನೆಯಲ್ಲಿ ಶುಭಕಾರ್ಯ. ತುದಿ ದಾಟಿಸಿ ನಿಲ್ಲಿಸಿದ್ದರೆ ಸಾವು. ನಾವು ಹೋದ ದಿನ ಜೋರು ಗಾಳಿ, ಹಲವು ರೆಕ್ಕೆಗಳು ತಿರುಗುತ್ತಲೇ ಇದ್ದವು. ಕೊಡೆ ಮುರಿಯಿತು.

ಏಪ್ರಿಲ್ 27 ಅಲ್ಲಿನ ದೊರೆಯ ಹುಟ್ಟುಹಬ್ಬ, ದೇಶಕ್ಕೆಲ್ಲ ರಜೆ. ಉಟ್ರೆಕ್ಟ್‌ನಲ್ಲಿ ಹಿಂದಿನ ಸಂಜೆಯೇ ಬೀದಿಬೀದಿಯಲ್ಲಿ ಹಳೆಯ ಸಾಮಾನಿನ ಸಂತೆ ಶುರುವಾಗುತ್ತದೆ. ಯಾರು ಬೇಕಾದರೂ ಚಾದರ ಹಾಸಿ ಅಂಗಡಿಯಿಡಬಹುದು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ನೀಲಿ ಚಿತ್ತಾರದ ಪಿಂಗಾಣಿ ತಟ್ಟೆಗೆ ಐದು ಯೂರೊ ಹೇಳಿದ. ನಾನು ಎರಡಕ್ಕೆ ಕೇಳಿದೆ. ಗೆಳತಿ ನಾಚಿಕೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನನ್ನ ಪರಿಚಯವೇ ಇಲ್ಲದವಳಂತೆ ನಿಂತಳು. ಹುಡುಗ ಅಮ್ಮನ ಮುಖ ನೋಡಿದ, ಅಮ್ಮ ಭುಜ ಕುಣಿಸಿದಳು. ಮೂರಕ್ಕೆ ಕೊಟ್ಟ, ಜೊತೆಗೆ ಚಕ್ರ ಕಳಚಿದ ಆಟಿಕೆ ಕಾರೊಂದನ್ನೂ ಬಲವಂತವಾಗಿ ಕೈಗೆ ತುರುಕಿದ. ಅದನ್ನು ಬೇಡವೆನ್ನಲು ನನಗೆ ಡಚ್ ಬರುತ್ತಿರಲಿಲ್ಲ.