ತಿರುವಿ ಹಾಕಿ ನೋಡ್ಯಾರೇನು?

“ಸುಮ್ನಿರವ್ವ, ಇದು ನಿಮ್ಮ ಇಳಕಲ್ ಸೀರಿ ಅಲ್ಲ.”

ಶನಿವಾರ ಮಧ್ಯಾಹ್ನ ಅವ್ವನಿಗೆ ನಾನು ಅಂದ ಮಾತಿದು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಟ್ರಾಮಿನಲ್ಲಿ ಕೂತಾಗ, ಆಫೀಸಿನ ಮೀಟಿಂಗ್ ನಡುವೆ ಕೂಡ ಅದೇ ನೆನಪಾಗಿ ಮುಖ ಹುಳ್ಳಗಾಗುತ್ತಿದೆ. ಅವ್ವ ಮರೆತಿದ್ದಾಳೆ ಅಂತ ನಿನ್ನೆ ರಾತ್ರಿವರೆಗೂ ಅಂದುಕೊಂಡಿದ್ದೆ.

ನಾನಿರುವುದು ಇಟಲಿಯ ತೊರಿನೊದಲ್ಲಿ, ಅಂದರೆ ಟ್ಯೂರಿನ್‌ನಲ್ಲಿ. ಇಲ್ಲಿಗೆ ಊರಿಂದ ಯಾರೇ ಬಂದರೂ ಸಿಂಡೊನೆ ತೋರಿಸಬೇಕು. ಶಿಲುಬೆಯಿಂದ ಇಳಿಸಿದ ಯೇಸುವಿನ ಮೈಗೆ ಸುತ್ತಿದ್ದು ಅಂತ ಭಕ್ತರು ನಂಬುವ ಬಟ್ಟೆ ಅದು. ತೋರಿಸೋದು ಅಂದರೂ ತೋರಿಸೋಕೆ ಏನೂ ಇಲ್ಲ. ದೊಡ್ಡ ಚರ್ಚಿನ ಒಳಗೆ ಎಡಗಡೆ ಒಂದು ಉದ್ದನೆಯ ಪೆಟ್ಟಿಗೆ, ಅದರ ಮೇಲೊಂದು ಹೊದಿಕೆ. ಬಟ್ಟೆ ಅದರೊಳಗೆ ಮಲಗಿರುತ್ತದೆ. ಸಾಲಲ್ಲಿ ನಿಂತ ಎಲ್ಲರಿಗೂ ಅಂತ ಅದನ್ನು ಹೊರಗೆ ತೆಗೆದದ್ದು 2015ರಲ್ಲೇ ಕೊನೆ. ಹಾಗಾಗಿ ಬಂದವರನ್ನು ಹತ್ತಿರದ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅಷ್ಟೇ ಅಳತೆಯ ಫೋಟೋ ಇದೆ. ನಾಲ್ಕೂ ಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಗಡ್ಡದ ಮನುಷ್ಯನ ಮಸುಕು ಆಕಾರ, ಒಂದರ್ಧ ಮುಂದಿನದು, ಇನ್ನೊಂದರ್ಧ ಬೆನ್ನಿನದು.

ಶನಿವಾರ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಜೊತೆಗೆ ನನ್ನ ಬೆಂಗಳೂರಿನ ಗೆಳೆಯ ಬಂದಿದ್ದ. ಒಳ್ಳೆಯವನೇ. ಏರ್‌ಪೋರ್ಟಿಗೆ ಬಿಡಬೇಕು ಅಂದರೆ ಬೆಳಗಿನ ಜಾವ ನಾಲ್ಕಕ್ಕೂ ಕಾರು ತರುತ್ತಾನೆ. ಆದರೆ ಯಾವುದೇ ವಿಷಯದ ಬಗ್ಗೆ ಎರಡು ವಿಡಿಯೋ ನೋಡಿದನೋ, ಆಯ್ತು, ಆ ವಾರ ಅವನ ಬಾಯಿ ಮುಚ್ಚಿಸೋಕಾಗಲ್ಲ. ನಾನೇನು ಕಮ್ಮಿ ಅಲ್ಲ. ಆರು ವರ್ಷ ಈ ಊರಲ್ಲಿದ್ದು, ಸಿಂಡೊನೆ ವಿಷಯ ನನಗೇ ಗುತ್ತಿಗೆ ಸಿಕ್ಕಿದೆ ಅನ್ನೋ ಹಾಗೆ ಆಡುತ್ತೇನೆ.

ಫೋಟೋ ಮುಂದೆ ನಿಂತು ನಾನು ಶುರು ಮಾಡಿದೆ. 1988ರಲ್ಲಿ ಬಟ್ಟೆಯ ಒಂದು ಮೂಲೆಯಿಂದ ಬೆರಳುದ್ದದ ಪಟ್ಟಿ ಕತ್ತರಿಸಿದರು. ಬಟ್ಟೆಯ ವಯಸ್ಸು ಹೇಳುವ ರೇಡಿಯೋ ಕಾರ್ಬನ್ ಪರೀಕ್ಷೆಗೆ ಅಂತ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾ, ಮೂರು ಕಡೆಯ ಲ್ಯಾಬಿಗೆ ಹಂಚಿದರು. ಜೊತೆಗೆ ಈಜಿಪ್ಟಿನ ಮಮ್ಮಿಯೊಂದರ ಬಟ್ಟೆ, ಹಳೇ ಗೋರಿಯದೊಂದು, ಹೀಗೆ ವಯಸ್ಸು ಮೊದಲೇ ಗೊತ್ತಿದ್ದ ತುಂಡುಗಳನ್ನೂ ಕೊಟ್ಟರು. ಅವುಗಳ ವಯಸ್ಸು ಸರಿಯಾಗೇ ಬಂತು. ಸಿಂಡೊನೆಯದು ಬಂದದ್ದು 1260ರಿಂದ 1390. ಅಂದರೆ ಯೇಸು ಕಾಲವಾಗಿ ಸಾವಿರದ ಇನ್ನೂರು ವರ್ಷ ಆದಮೇಲೆ ನೇಯ್ದ ಬಟ್ಟೆ. ಫ್ರಾನ್ಸಿನ ಲಿರೇ ಅನ್ನುವ ಹಳ್ಳಿಯಲ್ಲಿ ಇದು ಮೊದಲು ಕಾಣಿಸಿಕೊಂಡದ್ದು ಕೂಡ 1350ರ ದಶಕದಲ್ಲೇ. 1389ರಲ್ಲಿ ಅಲ್ಲಿನ ಬಿಷಪ್ಪರೇ ಇದು ಕೈಯಿಂದ ಬರೆದ ಚಿತ್ರ, ಬರೆದವನು ಒಪ್ಪಿಕೊಂಡಿದ್ದಾನೆ ಅಂತ ಮೇಲಿನವರಿಗೆ ಪತ್ರ ಹಾಕಿದ್ದರು. ಇನ್ನೇನು ಬೇಕು?

“ರಾಂಗ್,” ಅಂದ ಗೆಳೆಯ. ಅವನಿಗೆ ಈ ಪದ ಬಹಳ ಇಷ್ಟ. “ಆ ಮೂಲೇನ ಮುಂಚೇನೇ ರಿಪೇರಿ ಮಾಡಿದ್ರು. ಹೊಸ ನೂಲು ಸೇರಿಸಿ ಗೊತ್ತೇ ಆಗದ ಹಾಗೆ ರಫೂ ಮಾಡಿದ್ರು. ಲ್ಯಾಬಿಗೆ ಹೋಗಿದ್ದು ಆ ರಫೂ ತುಂಡು.”

ಇದನ್ನು ಅವನೇ ಹುಟ್ಟಿಸಿದ್ದಲ್ಲ. ರೇ ರೋಜರ್ಸ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿ 2005ರಲ್ಲಿ ಇದನ್ನೇ ಬರೆದಿದ್ದರು. 1978ರಲ್ಲಿ ಐದು ದಿನ ಹಗಲೂ ರಾತ್ರಿ ಈ ಬಟ್ಟೆ ಪರೀಕ್ಷಿಸಿದ ತಂಡದಲ್ಲಿ ಇದ್ದವರು ಅವರು. ಆ ಮೂಲೆಯ ನೂಲಿನಲ್ಲಿ ಹತ್ತಿ ಇದೆ, ಬಣ್ಣ ಹಾಕಿದ್ದಾರೆ, ಉಳಿದ ಬಟ್ಟೆಗೂ ಅದಕ್ಕೂ ಹೊಂದಲ್ಲ ಅನ್ನೋದು ಅವರ ವಾದ.

ನಾವಿಬ್ಬರೂ ಹೀಗೆ ಜಗ್ಗಾಡುತ್ತಿದ್ದರೆ ಅವ್ವ ಎಲ್ಲಿ? ನೇಯ್ಗೆಯನ್ನು ದೊಡ್ಡದು ಮಾಡಿ ತೋರಿಸಿದ್ದ ಚಿತ್ರದ ಮುಂದೆ. ಮುಖಕ್ಕೆ ಒಮ್ಮೆ ಕೈ ಮುಗಿದಿದ್ದಳು, ಅಷ್ಟೇ. ಆಮೇಲೆ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ಗಾಳಿಯಲ್ಲೇ ಬೆರಳು ಆಡಿಸುತ್ತ ಎಣಿಸುತ್ತಿದ್ದಳು. ಹೊಕ್ಕು ಒಂದು, ಹಾಸು ಮೂರು, ಮತ್ತೆ ಒಂದು, ಮೂರು. “ಬೇವಿನ ಎಲಿ ಸಾಲಿನಂಗ ನೇಯ್ದಾರ ನೋಡು. ಚಲೋ ಕೈ ಐತಿ.”

ಇದು ಲಿನನ್, ಅಗಸೆ ಗಿಡದ ನಾರಿಂದ ಮಾಡೋದು ಅಂದೆ. ಅವ್ವ ನನ್ನ ಮುಖ ನೋಡಿದಳು. “ಹಿಂಡಿ ಮಾಡ್ತೀವಲ್ಲ, ಆ ಅಗಸೀನ?” ಹೌದು, ಅದೇ. ಬರುವಾಗ ಎರಡು ಡಬ್ಬಿ ಅಗಸಿ ಹಿಂಡಿ ತಂದಿದ್ದಾಳೆ. ಅದರ ಗಿಡದಿಂದ ಬಟ್ಟೆ ಆಗುತ್ತೆ ಅನ್ನೋದು ಅವಳಿಗೆ ಯೇಸುವಿನ ಮುಖಕ್ಕಿಂತ ದೊಡ್ಡ ಸೋಜಿಗ.

ಗೆಳೆಯ ಮತ್ತೆ ರಫೂ ಅಂದ. ಆಗ ಅವ್ವ ತಿರುಗಿ ಕೇಳಿದಳು. “ರಫೂ ಮಾಡಿದ್ರ ಮುಂದ ಕಾಣಸಲಿಕ್ಕಿಲ್ಲಪ್ಪ, ಹಿಂದ ಕಾಣಸ್ತೈತಿ. ತಿರುವಿ ಹಾಕಿ ನೋಡ್ಯಾರೇನು?”

ಆಗಲೇ ನಾನು ಆ ಮಾತು ಅಂದದ್ದು. ಅವಳು ತಪ್ಪು ಹೇಳಿದಳು ಅಂತ ಅಲ್ಲ. ನಾನು ಗೆಲ್ಲುತ್ತಿದ್ದೆ. ಇನ್ನೊಂದೇ ವಾಕ್ಯದಲ್ಲಿ ಗೆಳೆಯನನ್ನು ಮಲಗಿಸುವವನಿದ್ದೆ. ನಡುವೆ ಬಂದಳು ಅಂತ ರೇಗಿತು, ಅಷ್ಟೇ.

ಅವ್ವನ ತವರು ಇಳಕಲ್ಲು. ಇಳಕಲ್ ಸೀರೆಯ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಒಂದೊಂದೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹುಡುಗಿ ಇದ್ದಾಗ ಅವ್ವ ಕೂತು ಮಾಡಿದ ಕೆಲಸ ಅದು. ಸಾವುಕಾರ ಸೀರೆ ಕೈಗೆ ತಗೊಂಡರೆ ಮೇಲಿನ ಮಗ್ಗಲು ನೋಡುತ್ತಲೇ ಇರಲಿಲ್ಲವಂತೆ. ಮೊದಲು ಉಲ್ಟಾ ಮಾಡೋದು, ಹೆಬ್ಬೆರಳಿನ ಉಗುರು ಆಡಿಸೋದು. ಎಲ್ಲಾದರೂ ಗಂಟು ಸಿಕ್ಕಿತೋ, ಕೂಲಿಯಲ್ಲಿ ಮುರಿದುಕೊಳ್ಳೋದು. ಅಜ್ಜ ಎದುರಿಗೆ ಕೈಕಟ್ಟಿ ನಿಂತಿರುತ್ತಿದ್ದ. ಆ ಉಗುರಿನ ಕರ್ ಕರ್ ಸದ್ದು ಈಗಲೂ ನೆನಪಿದೆ ಅನ್ನುತ್ತಾಳೆ. ಇದನ್ನು ನೂರು ಸಲ ಕೇಳಿದ್ದೇನೆ. ಮ್ಯೂಸಿಯಂನಲ್ಲಿ ಮಾತ್ರ ನೆನಪಿಗೆ ಬರಲಿಲ್ಲ.

ಅವತ್ತು ರಾತ್ರಿ ಗೆಳೆಯನಿಗೆ ವಾಟ್ಸಾಪಿನಲ್ಲಿ ಕೊನೆಯ ಏಟು ಕೊಡಬೇಕು ಅಂತ ಕೂತು ಹುಡುಕಿದೆ. ಸಿಕ್ಕಿದ್ದು ಅವ್ವನ ಪ್ರಶ್ನೆಗೆ ಉತ್ತರ.

ತಿರುವಿ ಹಾಕಿ ನೋಡಿದ್ದಾರೆ. 1532ರಲ್ಲಿ, ಬಟ್ಟೆ ಆಗ ಇದ್ದ ಶಾಂಬೆರಿ ಅನ್ನುವ ಊರಲ್ಲಿ (ಈಗಿನ ಫ್ರಾನ್ಸ್) ಬೆಂಕಿ ಬಿದ್ದು ಬಟ್ಟೆ ಅಲ್ಲಲ್ಲಿ ಸುಟ್ಟು ತೂತಾಗಿತ್ತು. ಎರಡು ವರ್ಷ ಬಿಟ್ಟು ಕ್ಲಾರಾ ಪಂಥದ ಸನ್ಯಾಸಿನಿಯರು ತೇಪೆ ಹಾಕಿ, ಹಿಂದುಗಡೆ ಇನ್ನೊಂದು ಬಟ್ಟೆ ಕೊಟ್ಟು ಹೊಲಿದರು. ಆ ತೇಪೆ, ಆ ಹಿಂದಿನ ಬಟ್ಟೆ ಎರಡನ್ನೂ ಬಿಚ್ಚಿದ್ದು 2002ರಲ್ಲಿ. ಅಷ್ಟು ಕಾಲ ಪೂರ್ತಿ ಹಿಂಭಾಗವನ್ನು ಯಾರೂ ಕಂಡಿರಲಿಲ್ಲ. ಆ ಕೆಲಸ ನಡೆಸಿದ್ದು ಮೆಖ್‌ಟಿಲ್ಡ್ ಫ್ಲೂರಿ-ಲೆಂಬರ್ಗ್ ಅನ್ನುವ ಹೆಂಗಸು. ಸ್ವಿಟ್ಜರ್ಲೆಂಡಿನ ಅಬೆಗ್ ಸಂಸ್ಥೆಯಲ್ಲಿ ಹಳೇ ಬಟ್ಟೆಗಳನ್ನು ಉಳಿಸಿಕೊಳ್ಳುವ ವಿಭಾಗ ನೋಡಿಕೊಂಡಿದ್ದವರು. ಆ ಮೂಲೆಯ ಹಿಂದೂ ಮುಂದೂ ನೋಡಿ ಅವರು ಹೇಳಿದ್ದು: ಇಲ್ಲಿ ಮರುನೇಯ್ಗೆಯ ಗುರುತೇ ಇಲ್ಲ. ಎಷ್ಟೇ ನಾಜೂಕಾಗಿ ರಫೂ ಮಾಡಲಿ, ಹಿಂದಿನ ಮಗ್ಗಲಲ್ಲಿ ಸಿಕ್ಕಿಬೀಳುತ್ತೆ.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಕ್ಕದ ರೂಮಿನಲ್ಲಿ ಅವ್ವನ ಗೊರಕೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಅವ್ವನ ಮಾತು ಎತ್ತದೆ, ಎಲ್ಲ ನಾನೇ ಪತ್ತೆ ಮಾಡಿದ ಹಾಗೆ ಗೆಳೆಯನಿಗೆ ಕಳಿಸಿದೆ. ಅವನು ಅಷ್ಟು ಸುಲಭಕ್ಕೆ ಸೋಲಲ್ಲ. ಬೇರೆ ದಾರಿ ಹಿಡಿದ. 2015ರಲ್ಲಿ ಬಟ್ಟೆಯ ಧೂಳಿನಲ್ಲಿ ಸಿಕ್ಕ ಡಿಎನ್‌ಎ ಪರೀಕ್ಷಿಸಿದಾಗ ಭಾರತದ ಕಡೆಯವರದ್ದೂ ಇತ್ತಲ್ಲ, ಬಟ್ಟೆ ನಮ್ಮದೇ ಇರಬಹುದು ಅಂದ. ಡಿಎನ್‌ಎ ಸಿಕ್ಕಿದ್ದು ನಿಜ. ಯುರೋಪು, ಆಫ್ರಿಕಾ, ಮಧ್ಯಪ್ರಾಚ್ಯ ಎಲ್ಲ ಕಡೆಯವರದ್ದೂ ಸಿಕ್ಕಿದೆ. ನೂರಾರು ವರ್ಷ ಜನ ಮುಟ್ಟಿ, ಮುತ್ತಿಟ್ಟು, ಅತ್ತ ಬಟ್ಟೆಯ ಧೂಳಿನಲ್ಲಿ ಇನ್ನೇನು ಸಿಗುತ್ತೆ? ಲಿನನ್ ಭಾರತದಿಂದ ಬಂದದ್ದಿರಬಹುದು ಅಂತ ಆ ಸಂಶೋಧಕರೇ ಒಂದು ಸಾಧ್ಯತೆ ಮುಂದಿಟ್ಟಿದ್ದಾರೆ, ಅದನ್ನು ಹಿಡಿದು ನಮ್ಮವನಿಗೆ ಭುಜ ಎರಡಿಂಚು ಮೇಲೇರಿದೆ.

ನನಗೇನೋ ಇದು ಹದಿನಾಲ್ಕನೇ ಶತಮಾನದ್ದೇ ಅನ್ನಿಸುತ್ತೆ. ಚಿತ್ರ ಹೇಗೆ ಮೂಡಿಸಿದರು ಅನ್ನೋದರಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ. ವಾಲ್ಟರ್ ಮೆಕ್ರೋನ್ ಅನ್ನುವ ಅಮೆರಿಕದ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕೆಮ್ಮಣ್ಣಿನ ಬಣ್ಣ ಕಂಡೆ ಅಂದರು, 1978ರ ತಂಡ ಇದು ಬಣ್ಣ ಅಲ್ಲ ಅಂದಿತು. ಮೂಲೆಯ ಒಂದೇ ಜಾಗದಿಂದ ತುಂಡು ತೆಗೆದದ್ದು ಸಾಲದು, ಇನ್ನೊಮ್ಮೆ ಬೇರೆ ಜಾಗದಿಂದ ತೆಗೀಬೇಕು ಅನ್ನುವವರ ಮಾತಲ್ಲೂ ತಪ್ಪೇನಿಲ್ಲ. ಇದು ಅಸಲಿ ಅಂತ ಚರ್ಚ್ ಅಧಿಕೃತವಾಗಿ ಹೇಳಿಲ್ಲ. ಎರಡನೇ ಜಾನ್ ಪಾಲ್ 1998ರಲ್ಲಿ ಇಲ್ಲಿಗೆ ಬಂದಾಗ, ಅದನ್ನು ಹೇಳಬೇಕಾದವರು ವಿಜ್ಞಾನಿಗಳು ಅಂತ ಅವರಿಗೇ ಬಿಟ್ಟಿದ್ದರು. ನನಗೂ ಗೆಳೆಯನಿಗೂ ಇಲ್ಲದ ತಾಳ್ಮೆ ಪೋಪ್‌ಗೆ ಇತ್ತು.

1898ರಲ್ಲಿ ಸೆಕೊಂಡೊ ಪಿಯಾ ತೆಗೆದ ಫೋಟೋದ ನೆಗೆಟಿವ್‌ನಲ್ಲಿ ಆ ಮುಖ ಎದ್ದು ಕಂಡಿತಲ್ಲ, ಅವತ್ತಿನಿಂದ ಎಲ್ಲರ ಕಣ್ಣೂ ಮುಖದ ಮೇಲೇ. ನಂದೂ ಅಷ್ಟೇ. ಆರು ವರ್ಷದಲ್ಲಿ ಎಷ್ಟು ಜನಕ್ಕೆ ತೋರಿಸಿದೆನೋ ಲೆಕ್ಕ ಇಲ್ಲ, ಇದನ್ನು ನೇಯ್ದವನು ಒಬ್ಬ ಇದ್ದ ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಮಗ್ಗದ ಮನೆಯ ಮೊಮ್ಮಗ ನಾನು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೊನೆಗೂ ಹೇಳಿದೆ. ಅವ್ವ, ನೀ ಕೇಳಿದ್ದು ಸರಿ ಇತ್ತು, ತಿರುವಿ ಹಾಕಿ ನೋಡ್ಯಾರ, ರಫೂ ಇಲ್ಲಂತ. ರೇಡಿಯೋ ಕಾರ್ಬನ್ ಲೆಕ್ಕ ಅಷ್ಟು ತಪ್ಪಬೇಕು ಅಂದ್ರ ಆ ತುಂಡಿನ್ಯಾಗ ಅರ್ಧಕ್ಕಿಂತ ಜಾಸ್ತಿ ಹೊಸ ನೂಲೇ ಇರಬೇಕಿತ್ತು ಅಂತನೂ ಹೇಳಿದೆ. “ಅರ್ಧಕ್ಕಿಂತ ಜಾಸ್ತಿ ಹೊಸಾದಿದ್ರ ಅದು ರಫೂ ಅಲ್ಲ ಬಿಡು, ಹೊಸ ಅರಿವೀನ,” ಅಂದಳು.

“ನೋಡಿದಾಕಿ ನೇಕಾರ ಮನಿಯಾಕೇನು?”

ಗೊತ್ತಿಲ್ಲವ್ವ, ಹಳೇ ಅರಿವಿ ಕೆಲಸದಾಗ ಭಾಳ ದೊಡ್ಡಾಕಿ ಅಂದೆ.

ಅವ್ವ ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದಿದಳು. ನನ್ನ ಕಡೆ ನೋಡಲಿಲ್ಲ.

“ಅಕಿಗೆ ಯಾರೂ ಸುಮ್ನಿರು ಅನ್ನಲಿಲ್ಲೇನು?”