ಹೆಲಿಪ್ಯಾಡ್ ತಯಾರ್

ಸಿಯಾಚಿನ್ ಹಿಮನದಿಯ ಮೇಲೆ ಚೀತಾ ಹೆಲಿಕಾಪ್ಟರ್ ಹಾರಿಸುತ್ತಿದ್ದ ವರ್ಷಗಳಲ್ಲಿ ಇಳಿಯಲಾಗದೆ ಹಿಂದಿರುಗಿದ ಹಾರಾಟಗಳು ಹಲವಿವೆ. ಅವುಗಳಲ್ಲಿ ಒಂದು ಫೆಬ್ರವರಿ ಬೆಳಗಿನದು ಮಾತ್ರ, ನಿವೃತ್ತನಾಗಿ ಇಷ್ಟು ಕಾಲವಾದರೂ, ನನ್ನನ್ನು ಬಿಟ್ಟಿಲ್ಲ.

ಸುಮಾರು 18,000 ಅಡಿ ಎತ್ತರದ ಒಂದು ಸೇನಾ ಪೋಸ್ಟ್‌ಗೆ ಸೀಮೆಎಣ್ಣೆ ಮತ್ತು ಒಂದು ಚೀಲ ಟಪಾಲು ಮುಟ್ಟಿಸಬೇಕಿತ್ತು. ಹಿಂದಿನ ರಾತ್ರಿ ಹಿಮ ಬಿದ್ದಿತ್ತು, ಬೆಳಿಗ್ಗೆ ತೆಳುವಾದ ಮೋಡ ಆಕಾಶವನ್ನೆಲ್ಲ ಒಂದೇ ಸಮನೆ ಮುಚ್ಚಿತ್ತು. ಅಂಥ ಬೆಳಕಿನಲ್ಲಿ ಹಿಮದ ಮೇಲೆ ನೆರಳು ಬೀಳುವುದಿಲ್ಲ. ನೆರಳಿಲ್ಲದೆ ಏರು ಯಾವುದು, ಇಳಿಜಾರು ಯಾವುದು, ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಣ್ಣು ಹೇಳಲಾರದು. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಡಿಸಿ-10 ವಿಮಾನವೊಂದು ಬಡಿದು 257 ಜನ ಸತ್ತಾಗ, ಅದರ ಪೈಲಟ್‌ಗಳ ಮುಂದಿದ್ದುದೂ ಇಂಥದೇ ಬೆಳಕು. ತರಬೇತಿಯಲ್ಲಿ ಈ ಪಾಠವನ್ನು ಇತರರಿಗೆ ಹೇಳಿಕೊಟ್ಟವನೇ ನಾನು.

ಪೋಸ್ಟ್ ಹತ್ತಿರವಾದಾಗ ರೇಡಿಯೋದಲ್ಲಿ, “ಹೆಲಿಪ್ಯಾಡ್ ತಯಾರ್, ಸಾಬ್” ಎಂಬ ಮಾತು ಬಂತು. ಜವಾನರು ರಾತ್ರಿಯ ಹೊಸ ಹಿಮವನ್ನು ತುಳಿದು ಗಟ್ಟಿ ಮಾಡಿದ್ದಾರೆ, ಅಂಚಿಗೆ ಕೆಂಪು ಬಣ್ಣ ಬಳಿದ, ಇಂಧನ ತುಂಬುವ ದೊಡ್ಡ ಜೆರಿಕ್ಯಾನ್‌ಗಳನ್ನು ಇಟ್ಟಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಏನು ತಯಾರಾಗಿದೆ ಎಂದು ಕೇಳಲು ಐದು ಸೆಕೆಂಡು ಸಾಕಿತ್ತು. ಕೇಳಲಿಲ್ಲ.

ಆ ಎತ್ತರದಲ್ಲಿ ಲಗೇಜು ಹೊತ್ತ ಚೀತಾಕ್ಕೆ, ನೆಲದಿಂದ ಎತ್ತರದಲ್ಲಿ ನಿಂತಲ್ಲೇ ತೇಲುತ್ತಾ ರೋಟರ್ ಗಾಳಿಯಿಂದ ಪುಡಿಹಿಮವನ್ನು ಊದಿಸಿ, ನೆಲ ಕಂಡ ಮೇಲೆ ನಿಧಾನವಾಗಿ ಇಳಿಯುವಷ್ಟು ಶಕ್ತಿ ಮಿಗುವುದಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಈ ಯಂತ್ರದ ಮೂಲವಾದ ಫ್ರೆಂಚ್ ಲಾಮಾವನ್ನು 1972ರಲ್ಲಿ ಜಾನ್ ಬೂಲೆ 12,442 ಮೀಟರ್ ಎತ್ತರಕ್ಕೆ ಕೊಂಡೊಯ್ದಿದ್ದರು, ನಿಜ. ಆದರೆ ಅದಕ್ಕಾಗಿ ಯಂತ್ರದಿಂದ ಕಳಚಬಹುದಾದುದನ್ನೆಲ್ಲ ಕಳಚಿದ್ದರು, ಅವರ ಹಿಂದಿನ ಸೀಟಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ನಮಗಿದ್ದುದು ಒಂದೇ ದಾರಿ: ಕಣ್ಣಿಗೆ ಒಂದು ಗುರುತನ್ನು ಹಿಡಿದುಕೊಂಡು, ಎದ್ದ ಹಿಮ ಕ್ಯಾಬಿನ್ನನ್ನು ಮುಚ್ಚುವ ಮೊದಲೇ ಹೆಲಿಕಾಪ್ಟರಿನ ಕಾಲುಗಳಾದ ಸ್ಕಿಡ್‌ಗಳನ್ನು ನೆಲಕ್ಕೆ ಊರುವುದು.

ಬಿಳುಪಿನಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. “ಜೆರಿಕ್ಯಾನ್ ಸಿಕ್ಕಿತು” ಎಂದೆ.

“ಬಹಳ ಚಿಕ್ಕದಾಗಿ ಕಾಣುತ್ತಿದೆ, ಸರ್” ಎಂದ ಕೋ-ಪೈಲಟ್.

“ಇನ್ನೂ ದೂರ ಇದೆ” ಎಂದೆ.

ನನಗಿಂತ ಹನ್ನೊಂದು ವರ್ಷ ಚಿಕ್ಕವನಾದ, ಕ್ಯಾಪ್ಟನ್ ಹುದ್ದೆಯ ಆ ಕೋ-ಪೈಲಟ್ ಸರಿಯಾದುದನ್ನೇ ಕಂಡಿದ್ದ; ಅವನು ಕಂಡದ್ದನ್ನು ನಾನು ನನ್ನ ಊಹೆಗೆ ಹೊಂದಿಸಿಕೊಂಡೆ. ವಸ್ತುವಿನ ಗಾತ್ರ ಗೊತ್ತಿದ್ದರೆ ದೂರ ಗೊತ್ತಾಗುತ್ತದೆ; ಗಾತ್ರವನ್ನೇ ತಪ್ಪಾಗಿ ತಿಳಿದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ನೆಲ ಮೂವತ್ತು ಅಡಿ ಕೆಳಗಿದೆ ಎಂದು ನಾನು ನಂಬಿದ್ದ ಹೊತ್ತಿಗೆ ಅದು ಅದರ ಕಾಲು ಭಾಗದಷ್ಟೂ ದೂರವಿರಲಿಲ್ಲ.

ವೇಗ ಇಪ್ಪತ್ತು ನಾಟ್‌ಗಿಂತ ಕೆಳಗಿಳಿಯುತ್ತಿದ್ದಂತೆ ಹಿಂದಿನಿಂದ ಎದ್ದ ಹಿಮ ನಮ್ಮನ್ನು ಹಿಡಿಯಿತು. ಯಾರೂ ತುಳಿದಿರದ ಹಿಮ ಅದು. ಚೀತಾದ ಗಾಜಿನ ಗುಳ್ಳೆಯ ಸುತ್ತ, ಕಾಲಡಿಯಲ್ಲಿ ಕೂಡ, ಅರಳೆ ತುಂಬಿದ ಚೀಲದೊಳಗೆ ಕುಳಿತಂತೆ ಬಿಳುಪು ತುಂಬಿತು. ಕೆಂಪು ಚುಕ್ಕೆ ಹೋಯಿತು. ರೋಟರ್ ಗಾಳಿಗೆ ಪುಡಿ ನಮ್ಮ ಮುಂದಿನಿಂದ ಹೊರಕ್ಕೆ ಓಡುತ್ತಿತ್ತು, ಅದನ್ನೇ ನೋಡುತ್ತಿದ್ದ ನನಗೆ ಹೆಲಿಕಾಪ್ಟರ್ ಹಿಂದಕ್ಕೆ ಜಾರುತ್ತಿದೆ ಎಂದು ಖಚಿತವಾಗಿ ಅನ್ನಿಸಿತು. ಹಿಂದೆ ಬಂಡೆಗಳಿದ್ದುದು ನೆನಪಿತ್ತು. ಹೆಲಿಕಾಪ್ಟರನ್ನು ಬೇಕಾದ ಕಡೆಗೆ ವಾಲಿಸುವ ಹಿಡಿಯಾದ ಸೈಕ್ಲಿಕ್ಕನ್ನು ಮುಂದಕ್ಕೆ ಒತ್ತಿದೆ. ನಾವು ಹಿಂದಕ್ಕೆ ಜಾರಿಯೇ ಇರಲಿಲ್ಲ.

ಬಲ ಸ್ಕಿಡ್‌ನ ಮೂತಿ ಯಾವುದಕ್ಕೋ ತಾಗಿತು. ಪೆಟ್ಟೇನೂ ಅಲ್ಲ, ಮೆತ್ತನೆಯ ಒಂದು ತಡೆ. ಆ ಮೆತ್ತನೆಯ ತಡೆಯೇ ನನ್ನನ್ನು ಹೆದರಿಸಿತು, ಏಕೆಂದರೆ ಹಿಮದಲ್ಲಿ ಹೂತ ಸ್ಕಿಡ್ಡನ್ನು ಊರುಗೋಲು ಮಾಡಿಕೊಂಡು ಹೆಲಿಕಾಪ್ಟರ್ ಮಗುಚಲು ಒಂದೆರಡು ಸೆಕೆಂಡು ಸಾಕು.

“ಎಡಕ್ಕೆ ಸರ್, ಎಡಕ್ಕೆ!”

ಎಡಕ್ಕೆ ಕಣಿವೆ. ಬ್ರೀಫಿಂಗ್‌ನಲ್ಲಿ ತಪ್ಪಿಸಿಕೊಳ್ಳುವ ದಾರಿಯೆಂದು ಬಾಯಿಪಾಠದಂತೆ ಹೇಳಿಕೊಂಡಿದ್ದ ಆ ದಾರಿಯನ್ನು ನಾನು ಆ ಗಳಿಗೆಯಲ್ಲಿ ಪೂರ್ತಿಯಾಗಿ ಮರೆತಿದ್ದೆ. ಮೇಲೇರಿಸುವ ಹಿಡಿಯಾದ ಕಲೆಕ್ಟಿವ್ವನ್ನು ಉಳಿದಿದ್ದಷ್ಟೂ ಎಳೆದು, ಕಣ್ಣನ್ನು ಹಿಮದಿಂದ ಕಿತ್ತು, ಎತ್ತ ವಾಲಿದ್ದೇವೆಂದು ತೋರಿಸುವ ಗೇಜಾದ ಆರ್ಟಿಫಿಷಿಯಲ್ ಹೊರೈಜನ್ ಮೇಲೆ ನೆಟ್ಟು, ಎಡಕ್ಕೆ ವಾಲಿಸಿ ದಿಬ್ಬದ ಅಂಚಿನಿಂದ ಕೆಳಕ್ಕೆ ಬಿದ್ದೆ. ಗೇಜು ಎಡಕ್ಕೆ ವಾಲಿದ್ದೇವೆ ಎನ್ನುತ್ತಿತ್ತು, ನನ್ನ ಕಿವಿಯೊಳಗಿನ ಸಮತೋಲದ ಅರಿವು ಬಲಕ್ಕೆ ಎನ್ನುತ್ತಿತ್ತು. ಗೇಜಿನ ಮಾತು ಕೇಳುವುದು ಅಂದು ನನಗೆ ಬಹಳ ಕಷ್ಟವಾಯಿತು. ಹಿಮನದಿಯ ಮೇಲಿನ ಕಲ್ಲುಮಣ್ಣಿನ ಕಪ್ಪು ಗೆರೆ ಕೆಳಗೆ ಕಂಡಾಗ ವೇಗ ಐವತ್ತು ನಾಟ್ ಮುಟ್ಟಿತ್ತು. ಮೇಲೆ ಸುತ್ತುತ್ತಿದ್ದ ಜೋಡಿ ಹೆಲಿಕಾಪ್ಟರ್‌ನವರು, ತಮಗೆ ಒಂದು ಬಿಳಿ ಉಂಡೆ ಮಾತ್ರ ಕಾಣುತ್ತಿತ್ತು, ಅದರ ಪಕ್ಕೆಯಿಂದ ನೀವು ಅಡ್ಡಡ್ಡಲಾಗಿ ಹೊರಬಿದ್ದಿರಿ ಎಂದು ಆಮೇಲೆ ಹೇಳಿದರು.

ಸೀಮೆಎಣ್ಣೆ ನಮ್ಮೊಂದಿಗೇ ಬೇಸ್‌ಗೆ ಮರಳಿತು. ಆಪರೇಷನ್ಸ್ ಕೋಣೆಯ ಗೋಡೆಯಲ್ಲಿ ತಿಂಗಳಲ್ಲಿ ಸಾಗಿಸಿದ ಸರಕಿನ ಟನ್ ಲೆಕ್ಕದ ಚಾರ್ಟ್ ಇರುತ್ತಿತ್ತು, ಇಳಿಯದೆ ಬಂದವರಿಗೆ ತುಂಬಲು ಒಂದು ಫಾರಂ ಇರುತ್ತಿತ್ತು. ಅದರಲ್ಲಿ ಕಾರಣಕ್ಕೆ ಮೂರು ಚೌಕ: ಹವಾಮಾನ, ತಾಂತ್ರಿಕ, ಇತರೆ. ನಾನು ಹವಾಮಾನಕ್ಕೆ ಗುರುತು ಹಾಕಿದೆ. ಹವಾಮಾನವಂತೂ ಬೆಳಿಗ್ಗೆ ಆರಕ್ಕೆ ಹೇಗಿತ್ತೋ ಹಾಗೆಯೇ ಇತ್ತು. ಪೈಲಟ್ ಕೇಳಬೇಕಾದುದನ್ನು ಕೇಳಲಿಲ್ಲ ಎಂಬುದಕ್ಕೆ ಚೌಕವಿರಲಿಲ್ಲ, ಇದ್ದಿದ್ದರೂ ಅಂದು ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಆಮೇಲೆ ನಾನು ರೇಡಿಯೋದಲ್ಲಿ ‘ತಯಾರ್’ ಎಂಬ ಉತ್ತರವನ್ನು ಒಪ್ಪಿಕೊಂಡಿಲ್ಲ. ಹಿಮ ಎಷ್ಟು ಬಿದ್ದಿದೆ, ಯಾವಾಗ ತುಳಿದಿರಿ, ಗುರುತಿಗೆ ಏನು ಇಟ್ಟಿದ್ದೀರಿ, ಅದು ಎಷ್ಟು ದೊಡ್ಡದು ಎಂದು ಬಿಡಿಸಿ ಕೇಳುತ್ತಿದ್ದೆ. ಪೋಸ್ಟ್‌ಗಳಲ್ಲಿ ನನಗೊಂದು ಅಡ್ಡಹೆಸರು ಬಿತ್ತೆಂದು ತಿಳಿಯಿತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಕೋ-ಪೈಲಟ್ ‘ಚಿಕ್ಕದಾಗಿ ಕಾಣುತ್ತಿದೆ’ ಎಂದರೆ ಇಳಿಯುವ ಯತ್ನ ಅಲ್ಲಿಗೇ ಮುಗಿಯುತ್ತಿತ್ತು.

ಕೆಲವು ವಾರಗಳ ಬಳಿಕ ಆ ಪೋಸ್ಟ್‌ನ ಹವಾಲ್ದಾರ್ ಸರದಿ ಮುಗಿಸಿ ಬೇಸ್‌ಗೆ ಇಳಿದು ಬಂದರು. ಅಂದು ಗುರುತಿಗೆ ಏನು ಇಟ್ಟಿದ್ದಿರಿ ಎಂದು ಕೇಳಿದೆ. ಹಾಲುಪುಡಿಯ ಡಬ್ಬಕ್ಕೆ ಕೆಂಪು ಬಣ್ಣ ಬಳಿದು ಇಟ್ಟಿದ್ದೆವು ಎಂದರು. ಜೆರಿಕ್ಯಾನ್ ಯಾಕೆ ಇಡಲಿಲ್ಲ ಎಂದು ನನ್ನ ದನಿ ಸ್ವಲ್ಪ ಏರಿತು. ಖಾಲಿ ಕ್ಯಾನ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ, ಬಣ್ಣ ಬಳಿದವು ಸೇರಿ ಎಲ್ಲವನ್ನೂ ಕೂಡಲೇ ಕಳಿಸಿ ಎಂದು ಕೆಳಗಿನಿಂದ ಆದೇಶ ಬಂದಿತ್ತಂತೆ.

“ಹಿಂದಿನ ದಿನ ನೀವೇ ಒಯ್ದಿರಲ್ಲ, ಸಾಬ್” ಎಂದರು.

ರಿಜಿಸ್ಟರ್ ತೆಗೆಸಿ ನೋಡಿದೆ. ಖಾಲಿ ಜೆರಿಕ್ಯಾನ್, ಕೆಂಪು, ಆರು. ಪಕ್ಕದಲ್ಲಿ ನನ್ನ ಸಹಿ.