ರೇಟು ಕೇಳಿದವರ ಮುಂದೆ ನಾನೀಗ ಟ್ರೇ ಇಡುತ್ತೇನೆ

1993ರಲ್ಲಿ ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕಾರ್ಖಾನೆಗೆ, ರೈಟರ್ ಆಗಿ ಸೇರಿದೆ. ಚೀಲ ತೂಗಿಸುವುದು, ತೇವ ನೋಡುವುದು, ಚೀಟಿ ಬರೆಯುವುದು ನನ್ನ ಕೆಲಸ.

ಅದಕ್ಕೆ ಮೊದಲು ಸುಮಾರು ಐವತ್ತು ವರ್ಷ, ಬೆಳೆದ ಕಾಫಿಯೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸುವ ವ್ಯವಸ್ಥೆಗೇ, ಹೋಗಬೇಕಿತ್ತು. ಬೋರ್ಡು ಹರಾಜು ಹಾಕುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕೊನೆಯ ಕಂತಿಗೆ ಕಾದು ಕಾದು ಬೆಳೆಗಾರರು ಸುಸ್ತಾಗುತ್ತಿದ್ದರು. ನಾನು ಸೇರುವ ಹೊತ್ತಿಗೆ ಆ ಕಟ್ಟು ಸಡಿಲವಾಗುತ್ತಿತ್ತು. ಯಾವ ದೇಶ ಎಷ್ಟು ಕಾಫಿ ಮಾರಬೇಕು ಎಂಬ ಅಂತರರಾಷ್ಟ್ರೀಯ ಕೋಟಾ 1989ರಲ್ಲೇ ಬಿದ್ದುಹೋಗಿತ್ತು. ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. ಅದೇ ವರ್ಷ ದೆಹಲಿಯಲ್ಲಿ ಆರ್ಥಿಕ ಸುಧಾರಣೆ ಶುರುವಾಯಿತು. ಸಣ್ಣ ಬೆಳೆಗಾರರಿಗೆ 1994ರ ಹೊತ್ತಿಗೆ, ಉಳಿದವರಿಗೆ 1996ರಲ್ಲಿ ಪೂಲ್‌ನಿಂದ ಪೂರ್ತಿ ಬಿಡುಗಡೆ ಸಿಕ್ಕಿತು.

1994ರಲ್ಲೇ ಬ್ರೆಜಿಲ್‌ನಲ್ಲಿ ಕೊರೆಯುವ ಚಳಿಗೆ ಗಿಡಗಳು ಸುಟ್ಟುಹೋದವು. ರೇಟು ಏರಿತು. ನಮ್ಮೂರಲ್ಲಿ ಹೊಸ ಮನೆ, ಹೊಸ ಜೀಪು. ಮಾರುಕಟ್ಟೆ ತೆರೆದರೆ ಬೆಲೆ ಏರುತ್ತದೆ ಎಂದೇ ನಾನೂ ನಂಬಿದೆ.

1999ರ ಹಂಗಾಮಿನಲ್ಲಿ ಮೂರು ಎಕರೆ ರೋಬಸ್ಟಾ ಜಾತಿಯ ಕಾಫಿ ಇದ್ದ ಒಬ್ಬ ಹಿರಿಯರು ಬಂದರು. "ರೈಟ್ರೇ, ಈಗ ಕೊಡ್ಲಾ, ಕಾಯ್ಲಾ?" ಎಂದು ಕೇಳಿದರು.

"ಕಾಯಿರಿ ಗೌಡ್ರೇ, ಏರುತ್ತೆ" ಎಂದೆ.

ಅವರು ಎರಡು ವರ್ಷ ಕಾದರು. ಅಷ್ಟರಲ್ಲಿ ವಿಯೆಟ್ನಾಂ ರೋಬಸ್ಟಾ ಜಗತ್ತನ್ನೇ ತುಂಬಿತ್ತು. ಆ ದೇಶವೂ ನಮ್ಮ ಹಾಗೆಯೇ ಮಾರುಕಟ್ಟೆಗೆ ಬಾಗಿಲು ತೆರೆದಿತ್ತು, ಅದೂ ನಮಗಿಂತ ಮೊದಲೇ, 1986ರಿಂದ. ರೋಬಸ್ಟಾದ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯಲ್ಲಿ; ಆ ರೇಟು ಮೂವತ್ತು ವರ್ಷದಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಗೌಡರಿಗೆ ಅರ್ಧದಷ್ಟೂ ಸಿಗಲಿಲ್ಲ, ಬ್ಯಾಂಕಿನ ಸಾಲ ಹಾಗೇ ಉಳಿಯಿತು. ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ನೋಯಿಸಿತು.

ಆಮೇಲೆ ಯಾರಿಗೂ ರೇಟಿನ ಭವಿಷ್ಯ ಹೇಳಿಲ್ಲ. ಅದರ ಬದಲು ಅವರ ಕಾಫಿಯನ್ನೇ ಅವರಿಗೆ ತೋರಿಸುತ್ತೇನೆ. 50 ಕೆಜಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಿಂದ ಎಷ್ಟು ಕೆಜಿ ಕ್ಲೀನ್ ಬೀಜ, ಅಂದರೆ ಸುಲಿದ ಬೀಜ, ಬರುತ್ತದೋ ಅದೇ ಔಟ್‌ಟರ್ನ್. ಒಬ್ಬರದು 26 ಬರಬಹುದು, ಪಕ್ಕದ ತೋಟದವರದು 28. ಚೀಲಕ್ಕೆ ಎರಡು ಕೆಜಿ ಅಂದರೆ ಸಣ್ಣದು ಅನ್ನಿಸುತ್ತದೆ ಅಲ್ವಾ? ನೂರು ಚೀಲಕ್ಕೆ ಅದು 200 ಕೆಜಿ. ಕೆಜಿಗೆ 300 ರೂಪಾಯಿ ಇದ್ದರೆ 60,000. ಚೀಲಕ್ಕೆ ಇಷ್ಟು ಎಂದು ಸುಮ್ನೆ ಒಪ್ಪಿ ಕೊಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ಸ್ಯಾಂಪಲ್ ಅನ್ನು ಅವರ ಕಣ್ಣೆದುರೇ ಸುಲಿಸಿ, ತೂಗಿ, ಕಪ್ಪು ಬೀಜ, ಹುಳು ತಿಂದ ಬೀಜ ಬೇರೆ ಮಾಡಿ ಟ್ರೇನಲ್ಲಿ ಇಡುತ್ತೇನೆ. ಕಣದಿಂದ ಎರಡು ದಿನ ಬೇಗ ಎತ್ತಿದ್ದು, ಬೆರಕೆ ಹಣ್ಣು ಕೊಯ್ದದ್ದು, ಎಲ್ಲ ಅಲ್ಲಿ ಕಾಣುತ್ತದೆ.

ಪೂಲ್ ತೆಗೆದದ್ದು ತಪ್ಪು ಎಂದು ನಾನು ಹೇಳಲಾರೆ. ಕಂತಿಗೆ ಕಾಯುವ ಕಷ್ಟ ಕಂಡವನು ನಾನು. ಆದರೆ ಲಂಡನ್ನಿನ ಏರಿಳಿತವನ್ನು ನೇರವಾಗಿ ಮೂರು ಎಕರೆಯವರ ಮೇಲೆ ಬಿಡುವಾಗ, ಜೊತೆಗೆ ಗೋದಾಮು, ಅದರ ಮೇಲೆ ಸುಲಭ ಸಾಲ, ಊರ ಹತ್ತಿರವೇ ಒಂದು ತಕ್ಕಡಿ ಮತ್ತು ತೇವ ನೋಡುವ ಯಂತ್ರ ಕೊಡಬೇಕಿತ್ತು. ಬಾಗಿಲು ತೆರೆಯುವುದು ಒಂದು ಆದೇಶದಲ್ಲಿ ಆಗುತ್ತದೆ. ಇವನ್ನೆಲ್ಲ ಕೊಡುವ ಕೆಲಸಕ್ಕೆ ವರ್ಷಗಟ್ಟಲೆ ಬೇಕು, ಅದು ಇನ್ನೂ ಮುಗಿದಿಲ್ಲ.

2024ರಲ್ಲಿ ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆಗ ಗೌಡರ ಮಗ ಬಂದ. "ಅಣ್ಣ, ಇನ್ನೂ ಏರುತ್ತಾ?"

"ಗೊತ್ತಿಲ್ಲಪ್ಪ. ಚೀಲ ಇಳಿಸು, ನೋಡೋಣ" ಎಂದೆ.

28 ಬಂತು. ಅವನು ಟ್ರೇಯ ಫೋಟೋ ತೆಗೆದು, ಹೊರಗೆ ಹೋಗಿ ಎರಡನೇ ವ್ಯಾಪಾರಿಗೆ ಫೋನ್ ಮಾಡಿದ.